ಚೀಟಿ ಎತ್ತುವ ಮೊದಲೇ ನಡೆಯಲು ಶುರುಮಾಡಿ: ಕೈಲಾಸ ಮಾನಸ ಸರೋವರ ಯಾತ್ರೆಗೆ ನಾನು ಸಿದ್ಧಳಾದ ಬಗೆ

ಲಿಪುಲೇಖ್ ಕಣಿವೆಯ ಮಾರ್ಗವಾಗಿ ಕೈಲಾಸ ಮಾನಸ ಸರೋವರ ಯಾತ್ರೆ ಮುಗಿಸಿ ಮೈಸೂರಿಗೆ ಮರಳಿ ಕೆಲವೇ ವಾರಗಳಾಗಿವೆ. ಬಂದಾಗಿನಿಂದ ನೆಂಟರು, ಪರಿಚಿತರು, ನಾನು ಕೆಲಸ ಮಾಡಿದ ಶಾಲೆಯ ಸಹೋದ್ಯೋಗಿಗಳು ಎಲ್ಲರೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಅರ್ಜಿ ಹಾಕುವುದು ಹೇಗೆ? ಇಡೀ ಪ್ರಕ್ರಿಯೆಯಲ್ಲಿ ಅತಿ ಸುಲಭವಾದದ್ದು ಅರ್ಜಿ ಹಾಕುವುದೇ. ಅದು ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಒಂದು ಸಂಜೆಯೊಳಗೆ ಮುಗಿಯುವ ಕೆಲಸ. ಕಷ್ಟವಿರುವುದು ಅದಕ್ಕೆ ಮೊದಲಿನ ತಿಂಗಳುಗಳಲ್ಲಿ. ಚೀಟಿಯಲ್ಲಿ ಹೆಸರು ಬಂದ ಮೇಲೆ ದೇಹವನ್ನು ಸಿದ್ಧಪಡಿಸಿಕೊಳ್ಳೋಣ ಎಂದು ಕಾದು ಕುಳಿತವರಿಗೆ ಸಮಯ ಸಾಲುವುದಿಲ್ಲ ಎಂಬುದನ್ನು ದೆಹಲಿಯಲ್ಲಿಯೂ ಗಡಿಯ ಸಮೀಪದ ಗುಂಜಿಯಲ್ಲಿಯೂ ನಾನು ಕಣ್ಣಾರೆ ಕಂಡೆ. ಅದಕ್ಕಾಗಿಯೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

2019ರ ನಂತರ ಕೋವಿಡ್ ಕಾರಣದಿಂದಲೂ ಗಡಿಯ ಬಿಕ್ಕಟ್ಟಿನಿಂದಲೂ ನಿಂತುಹೋಗಿದ್ದ ಯಾತ್ರೆ ಮತ್ತೆ ಆರಂಭವಾಗಲಿದೆ ಎಂಬ ಸುದ್ದಿ 2025ರ ಜನವರಿಯ ಕೊನೆಯಲ್ಲಿ ಬಂತು. ಅರ್ಜಿ ಕರೆದದ್ದು ಏಪ್ರಿಲ್ ಕೊನೆಯ ವಾರದಲ್ಲಿ, ಕೊನೆಯ ದಿನ ಮೇ 13. ಕಂಪ್ಯೂಟರಿನ ಮೂಲಕ ಚೀಟಿ ಎತ್ತಿದ್ದು ಮೇ 21ರಂದು. ಐದೂವರೆ ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಆಯ್ಕೆಯಾದವರು 750 ಮಂದಿ. ಉತ್ತರಾಖಂಡದ ಲಿಪುಲೇಖ್ ಮೂಲಕ ಐವತ್ತು ಜನರ ಐದು ತಂಡಗಳು, ಸಿಕ್ಕಿಂನ ನಾಥು ಲಾ ಮೂಲಕ ಐವತ್ತು ಜನರ ಹತ್ತು ತಂಡಗಳು. ಈ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಆಯ್ಕೆಯಾದ ಸಂದೇಶ ಬಂದ ದಿನಕ್ಕೂ ದೆಹಲಿಯ ವೈದ್ಯಕೀಯ ಪರೀಕ್ಷೆಗೂ ನಡುವೆ ಕೆಲವರಿಗೆ ನಾಲ್ಕು ವಾರವೂ ಸಿಗಲಿಲ್ಲವೆಂಬುದು ತಿಳಿಯುತ್ತದೆ. ಐವತ್ತು ದಾಟಿದ, ಹತ್ತಾರು ವರ್ಷ ಕುರ್ಚಿಯ ಮೇಲೆ ಕುಳಿತೇ ಕೆಲಸ ಮಾಡಿದ ದೇಹ ಅಷ್ಟರಲ್ಲಿ ಬದಲಾಗುವಂಥದ್ದಲ್ಲ.

ಹಾಗಾಗಿ ಜನವರಿಯ ಸುದ್ದಿ ಓದಿದ ವಾರವೇ ಎರಡು ಕೆಲಸಗಳನ್ನು ಕೈಗೆತ್ತಿಕೊಂಡೆ. ಮೊದಲನೆಯದು ಪಾಸ್‌ಪೋರ್ಟ್. ಯಾತ್ರೆಯ ಕಾಲದಲ್ಲಿ ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕೆಂಬುದು ನಿಯಮ; ನನ್ನದು ಡಿಸೆಂಬರಿಗೆ ಮುಗಿಯುತ್ತಿತ್ತು. ಮೈಸೂರಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನವೀಕರಣಕ್ಕೆ ಸಮಯ ಗೊತ್ತುಮಾಡಿಕೊಂಡು ಹೋದೆ. ಬಾಡಿಗೆ ಮನೆ ಬದಲಾಯಿಸಿದ್ದರಿಂದ ವಿಳಾಸವೂ ಬದಲಾಗಿತ್ತು. ಪೊಲೀಸ್ ಪರಿಶೀಲನೆ ಆಗಲೇಬೇಕಾಯಿತು. ಮನೆಗೆ ಬಂದ ಪೇದೆ ಅಕ್ಕಪಕ್ಕದ ಇಬ್ಬರ ಸಹಿಯನ್ನೂ ಬಾಡಿಗೆ ಕರಾರಿನ ಪ್ರತಿಯನ್ನೂ ಕೇಳಿದರು. ಮನೆಯ ಮಾಲೀಕರು ಊರಿನಲ್ಲಿರಲಿಲ್ಲ, ಕರಾರಿನ ಅವಧಿ ಮುಗಿದಿತ್ತು, ಹೊಸದು ಬರೆಸಿ ಕೊಡುವಷ್ಟರಲ್ಲಿ ಮೂರು ವಾರ ಹಿಡಿಯಿತು. ಇದೇ ತೊಡಕು ಮೇ ತಿಂಗಳಲ್ಲಿ ಎದುರಾಗಿದ್ದರೆ ಅರ್ಜಿ ಹಾಕುವ ಪ್ರಶ್ನೆಯೇ ಇರುತ್ತಿರಲಿಲ್ಲ. ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಬೇಕು. ಹೆಸರಿನ ಮುಂದೆ ಊರು, ತಂದೆ ಅಥವಾ ಗಂಡನ ಹೆಸರಿನ ಒಂದೊಂದು ಅಕ್ಷರ ಇಟ್ಟುಕೊಳ್ಳುವ ರೂಢಿ ನಮ್ಮದು. ಆಧಾರ್‌ನಲ್ಲಿ ಒಂದು ಬಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆ ಇರುವುದು ಸಾಮಾನ್ಯ. ಯಾತ್ರೆಯ ಅರ್ಜಿಯಲ್ಲಿಯೂ ಮುಂದೆ ಬರೆಸಬೇಕಾದ ಎಲ್ಲ ಪತ್ರಗಳಲ್ಲಿಯೂ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಒಂದು ಚುಕ್ಕೆಯೂ ವ್ಯತ್ಯಾಸವಾಗದಂತೆ ಬರೆಯಿರಿ.

ಎರಡನೆಯ ಕೆಲಸ ರಕ್ತಪರೀಕ್ಷೆ ಮತ್ತು ತೂಕ. ಯಾತ್ರೆಗೆ 18ರಿಂದ 70 ವರ್ಷದೊಳಗಿನವರು ಮಾತ್ರ ಅರ್ಹರು, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚಿ, 25 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನನ್ನ ಎತ್ತರ 157 ಸೆಂಟಿಮೀಟರ್. ಲೆಕ್ಕ ಹಾಕಿದರೆ ನನ್ನ ತೂಕ ಅರವತ್ತೊಂದೂವರೆ ಕಿಲೋ ದಾಟುವಂತಿರಲಿಲ್ಲ. ಫೆಬ್ರುವರಿಯಲ್ಲಿ ಅರವತ್ತಾರು ಇತ್ತು. ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಲ್ಲಿದೆ ಎಂದು ವರದಿ ಬಂದಾಗ ನಿಜಕ್ಕೂ ಗಾಬರಿಯಾಯಿತು, ಏಕೆಂದರೆ ನನಗೆ ಯಾವ ಸುಸ್ತೂ ಇರಲಿಲ್ಲ. ನಮ್ಮ ವೈದ್ಯರು ಹೇಳಿದ್ದು ಹೀಗೆ: ಮೈಸೂರಿನಲ್ಲಿ ಇದು ಗೊತ್ತಾಗುವುದೇ ಇಲ್ಲ, ಗಾಳಿ ತೆಳುವಾದ ಕಡೆ ಗೊತ್ತಾಗುತ್ತದೆ, ಆಮ್ಲಜನಕವನ್ನು ಹೊರುವುದು ಅದೇ. ಕಬ್ಬಿಣಾಂಶದ ಮಾತ್ರೆಗಳನ್ನು ತೆಗೆದುಕೊಳ್ಳುತ್ತ, ಊಟದ ಜೊತೆಯ ಕಾಫಿಯನ್ನು ಒಂದು ಗಂಟೆ ಮುಂದೂಡುತ್ತ, ಸೊಪ್ಪು ಮತ್ತು ನಿಂಬೆಹಣ್ಣನ್ನು ಹೆಚ್ಚಿಸಿಕೊಂಡು ಜೂನ್ ಹೊತ್ತಿಗೆ ಹನ್ನೆರಡಕ್ಕೆ ಬಂದೆ. ರಕ್ತದ ಈ ಅಂಶ ನಿಧಾನವಾಗಿ ತಿಂಗಳುಗಳ ಲೆಕ್ಕದಲ್ಲಿ ಏರುತ್ತದೆ. ಹೆಂಗಸರು ಇದನ್ನು ಮೊದಲೇ ನೋಡಿಸಿಕೊಳ್ಳಲೇಬೇಕು ಎಂದು ಕಳಕಳಿಯಿಂದ ಹೇಳುತ್ತೇನೆ.

ಇನ್ನು ನಡಿಗೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಬರುವ ಅಭ್ಯಾಸ ನನಗೆ ಮೊದಲಿನಿಂದ ಇತ್ತು. ಅದು ಆರೋಗ್ಯಕ್ಕೆ ಒಳ್ಳೆಯದು, ಆದರೆ ಪರ್ವತಕ್ಕೆ ಅಷ್ಟರಿಂದ ಆಗುವುದಿಲ್ಲ. ಕೆರೆಯ ದಾರಿ ಮಟ್ಟಸ. ಅಲ್ಲಿ ಉಸಿರಿಗೆ ಯಾವ ಪರೀಕ್ಷೆಯೂ ಇಲ್ಲ. ಆದ್ದರಿಂದ ವಾರದ ಮಧ್ಯದ ದಿನಗಳಲ್ಲಿ ಕೆರೆ, ಶನಿವಾರ ಮತ್ತು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಎಂದು ಗೊತ್ತುಮಾಡಿಕೊಂಡೆ. ಸಾವಿರಕ್ಕೂ ಮಿಕ್ಕಿದ ಆ ಮೆಟ್ಟಿಲುಗಳನ್ನು ಮೊದಲ ವಾರ ದೊಡ್ಡ ನಂದಿಯ ತನಕ ಹತ್ತುವಷ್ಟರಲ್ಲಿ ಎದೆ ಡವಡವ ಎನ್ನುತ್ತಿತ್ತು. ಮಾರ್ಚ್ ಮುಗಿಯುವ ಹೊತ್ತಿಗೆ ಮೇಲಿನ ದೇವಸ್ಥಾನದವರೆಗೆ ಹೋಗಿ, ಇಳಿದು, ಮತ್ತೊಮ್ಮೆ ನಂದಿಯ ತನಕ ಏರುವುದು ಸಾಧ್ಯವಾಯಿತು. ಇಲ್ಲಿ ಮುಖ್ಯವಾದದ್ದು ಒಂದರ ಹಿಂದೆ ಒಂದು ಬರುವ ಆ ಎರಡು ದಿನ. ಮೊದಲ ದಿನ ಯಾರಾದರೂ ನಡೆಯುತ್ತಾರೆ. ಹಿಂದಿನ ದಿನದ ನೋವು ತೊಡೆಯಲ್ಲಿ ಕುಳಿತಿರುವಾಗ ಎರಡನೆಯ ದಿನ ಬೆಳಿಗ್ಗೆ ಐದಕ್ಕೆ ಮತ್ತೆ ಶೂ ಹಾಕಿಕೊಳ್ಳುವುದೇ ನಿಜವಾದ ಅಭ್ಯಾಸ. ಕೈಲಾಸದ ಪರಿಕ್ರಮ ಮೂರು ದಿನದ್ದು, ಸುಮಾರು 52 ಕಿಲೋಮೀಟರಿನದ್ದು. ಅಲ್ಲಿ ಎರಡನೆಯ ದಿನವೇ ಅತ್ಯಂತ ಕಠಿಣ.

ವೇಗದ ಬಗ್ಗೆ ನಾನು ಪಾಲಿಸಿದ ನಿಯಮ ಸರಳವಾದದ್ದು. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗುತ್ತಿದ್ದರೆ ಆ ವೇಗ ಸರಿ. ಮಾತು ತುಂಡಾಗುತ್ತಿದ್ದರೆ ಹೆಜ್ಜೆಯನ್ನು ನಿಧಾನ ಮಾಡಬೇಕು. ಹತ್ತುವಾಗ ಓಡಿ ಹತ್ತಿ ನಿಂತು ಏದುಸಿರು ಬಿಡುವುದಕ್ಕಿಂತ, ನಿಲ್ಲದೆ ಸಣ್ಣ ಹೆಜ್ಜೆ ಇಡುವುದನ್ನು ಕಾಲಿಗೆ ಕಲಿಸಿದೆ. ಬೆನ್ನಿನ ಚೀಲದಲ್ಲಿ ಮೊದಲು ಎರಡು ಲೀಟರ್ ನೀರು, ಆಮೇಲೆ ಅದರ ಜೊತೆಗೆ ಎರಡು ಕಿಲೋ ಅಕ್ಕಿ, ಕೊನೆಗೆ ಐದು ಕಿಲೋ ಹೊತ್ತು ಹತ್ತಿದೆ. ಇಳಿಯುವುದನ್ನೂ ಅಷ್ಟೇ ಗಂಭೀರವಾಗಿ ಅಭ್ಯಾಸ ಮಾಡಬೇಕು. ಬಹಳ ಜನ ಮೇಲಕ್ಕೆ ನಡೆದು ಹೋಗಿ ಬಸ್ಸಿನಲ್ಲಿ ಇಳಿಯುತ್ತಾರೆ. ಮಂಡಿ ಕೈಕೊಡುವುದು ಇಳಿಯುವಾಗಲೇ. ನಡೆಗೋಲನ್ನು ಇಳಿಜಾರಿನಲ್ಲಿ ಸ್ವಲ್ಪ ಉದ್ದ ಮಾಡಿಕೊಂಡು, ಮಂಡಿಯನ್ನು ಚೂರು ಬಗ್ಗಿಸಿಯೇ ಇಟ್ಟುಕೊಂಡು ಇಳಿಯುವುದು ರೂಢಿಯಾಗಲು ಒಂದು ತಿಂಗಳು ಹಿಡಿಯಿತು.

ಶೂಗಳನ್ನು ಫೆಬ್ರುವರಿಯಲ್ಲಿಯೇ ಕೊಂಡೆ; ಕಣಕಾಲನ್ನು ಮುಚ್ಚುವಂಥವು, ಐದೂವರೆ ಸಾವಿರ ರೂಪಾಯಿ. ಅಂಗಡಿಗೆ ಸಂಜೆ ಹೋಗಿ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿದೆ. ನಡೆದು ನಡೆದು ಪಾದ ಊದಿಕೊಳ್ಳುವುದರಿಂದ ಮಾಮೂಲಿ ಅಳತೆಗಿಂತ ಒಂದು ನಂಬರ್ ದೊಡ್ಡದು ಬೇಕಾಗುತ್ತದೆ. ಹೊಸ ಶೂ ಮೊದಲ ಎರಡು ವಾರ ಹಿಮ್ಮಡಿಯನ್ನು ಉಜ್ಜಿ ಬೊಬ್ಬೆ ಎಬ್ಬಿಸಿತು. ಚರ್ಮ ಕೆಂಪಾಗಿ ಬಿಸಿ ಅನ್ನಿಸಿದ ಕೂಡಲೇ ನಿಂತು ಅಲ್ಲಿ ಅಂಟುಪಟ್ಟಿ ಹಾಕಿದರೆ ಬೊಬ್ಬೆ ಏಳುವುದಿಲ್ಲವೆಂದು ಆಗ ಗೊತ್ತಾಯಿತು. ಒಳಗೊಂದು ತೆಳು ಕಾಲುಚೀಲ, ಮೇಲೊಂದು ದಪ್ಪದ್ದು ಹಾಕಿದ ಮೇಲೆ ತೊಂದರೆ ಇನ್ನಷ್ಟು ಕಡಿಮೆಯಾಯಿತು. ಉಗುರುಗಳನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಿಕೊಳ್ಳದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಶೂವಿಗೆ ಗುದ್ದಿ ಕಪ್ಪಾಗುತ್ತದೆ. ನಮ್ಮ ತಂಡದಲ್ಲಿ ದೆಹಲಿಯಲ್ಲಿ ಹೊಸ ಶೂ ಕೊಂಡು ಅದನ್ನೇ ಮೆಟ್ಟಿ ಬಂದವರೊಬ್ಬರಿದ್ದರು. ಪರಿಕ್ರಮದ ಮೊದಲ ದಿನ ಸಂಜೆ ಅವರ ಎರಡೂ ಹಿಮ್ಮಡಿಗಳ ಸ್ಥಿತಿ ನೋಡಲಾಗುತ್ತಿರಲಿಲ್ಲ.

ನಡಿಗೆಯ ಹೊರತಾಗಿಯೂ ಕೆಲವು ಅಭ್ಯಾಸಗಳನ್ನು ಬೇಕೆಂದೇ ಬೆಳೆಸಿಕೊಂಡೆ. ಬೆಳಗಿನ ಜಾವ ಮೂರೂವರೆಗೆ ಎದ್ದು, ಹಸಿವಿಲ್ಲದಿದ್ದರೂ ಏನಾದರೂ ತಿನ್ನುವುದು ಅದರಲ್ಲೊಂದು. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಆದರೆ ತಿನ್ನದೆ ನಡೆಯಲಾಗುವುದಿಲ್ಲ. ಮೂರು ನಾಲ್ಕು ಲೀಟರ್ ನೀರನ್ನು ಬಾಯಾರಿಕೆಗೆ ಕಾಯದೆ ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು ಇನ್ನೊಂದು. ಬಯಲಿನಲ್ಲಿ ಶೌಚಕ್ಕೆ ಹೋಗುವ ಸಂಕೋಚದಿಂದ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಎತ್ತರದಲ್ಲಿ ಅದರಿಂದ ದೇಹ ಇನ್ನಷ್ಟು ಬಳಲುತ್ತದೆ. ಮೇ ತಿಂಗಳ ಮಳೆಯಲ್ಲಿ ಮಳೆಯಂಗಿ ತೊಟ್ಟು ಬೇಕೆಂದೇ ನಡೆದೆ, ಒದ್ದೆ ಬಟ್ಟೆಯಲ್ಲಿ ಎರಡು ಗಂಟೆ ಕಳೆಯುವುದು ಹೇಗಿರುತ್ತದೆ ಎಂದು ತಿಳಿಯಲು. ಚಳಿಯನ್ನು ಮಾತ್ರ ಮೈಸೂರಿನಲ್ಲಿ ಅಭ್ಯಾಸ ಮಾಡಲಾಗಲಿಲ್ಲ.

ಮೇ 21ರಂದು ಮೊಬೈಲಿಗೆ ಸಂದೇಶ ಬಂದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಲೆಕ್ಕ. 2025ರಲ್ಲಿ ಲಿಪುಲೇಖ್ ಮಾರ್ಗದ ಒಟ್ಟು ಶುಲ್ಕ ಸುಮಾರು 1.74 ಲಕ್ಷ ರೂಪಾಯಿ ಇತ್ತು. ನಾಥು ಲಾ ಮಾರ್ಗದ್ದು ಸುಮಾರು 2.83 ಲಕ್ಷ ಇತ್ತು. ಮೊದಲು ಒಂದು ಕಂತನ್ನು ಗಡುವಿನೊಳಗೆ ಕಟ್ಟಿ ಒಪ್ಪಿಗೆ ತಿಳಿಸಬೇಕು, ಅದು ಮರಳಿ ಬರುವುದಿಲ್ಲ. ಅದರ ಹೊರಗೆ ದೆಹಲಿಗೆ ಹೋಗಿ ಬರುವ ಖರ್ಚು, ವೈದ್ಯಕೀಯ ಪರೀಕ್ಷೆಯ ಶುಲ್ಕ, ಬೆಚ್ಚನೆಯ ಬಟ್ಟೆ, ಟಿಬೆಟ್ಟಿನಲ್ಲಿ ಕುದುರೆ ಅಥವಾ ಹಮಾಲಿ ಬೇಕೆಂದರೆ ಯುವಾನ್‌ನಲ್ಲಿ ಕೊಡಬೇಕಾದ ಹಣ, ಇವೆಲ್ಲ ಬೇರೆ. ನನಗೆ ಒಟ್ಟು ಎರಡೂಕಾಲು ಲಕ್ಷ ದಾಟಿತು. ಗರಿಗಳನ್ನು ತುಂಬಿದ ಕೋಟನ್ನು ಬಾಡಿಗೆಗೆ ತಂದದ್ದರಿಂದ ಸ್ವಲ್ಪ ಉಳಿಯಿತು. ಶೂ ಮತ್ತು ಮಳೆಯಂಗಿಯ ವಿಷಯದಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ಆಮೇಲೆ ಕಾಗದಪತ್ರ. ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿದ ಹೊಣೆಪತ್ರ, ತುರ್ತಾದರೆ ಹೆಲಿಕಾಪ್ಟರಿನಲ್ಲಿ ಸಾಗಿಸುವ ಬಗ್ಗೆ ಮುಚ್ಚಳಿಕೆ, ಮತ್ತು ಚೀನಾದ ಕಡೆ ಮರಣ ಸಂಭವಿಸಿದರೆ ಅಲ್ಲಿಯೇ ಅಂತ್ಯಸಂಸ್ಕಾರ ನಡೆಸಲು ಒಪ್ಪಿಗೆಪತ್ರ. ಈ ಮೂರನೆಯದನ್ನು ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಮುದ್ರಿಸಿ ಕೈಗೆ ಕೊಟ್ಟಾಗ ಜೊತೆಗೆ ಬಂದಿದ್ದ ಮಗಳು ಅದನ್ನು ಎರಡು ಬಾರಿ ಓದಿದಳು. "ಅಮ್ಮ, ಇದಕ್ಕೂ ಸಹಿ ಹಾಕಲೇಬೇಕಾ?" ಎಂದಳು. "ಹಾಕದಿದ್ದರೆ ಬಿಡೋದಿಲ್ಲ ಮಗಳೇ" ಎಂದೆ. ಅವಳು ಮತ್ತೇನೂ ಮಾತನಾಡಲಿಲ್ಲ. ಮನೆಗೆ ಹೋಗುವವರೆಗೂ ಆ ಕಾಗದಗಳ ಲಕೋಟೆಯನ್ನು ನನ್ನ ಕೈಗೆ ಕೊಡಲಿಲ್ಲ. ಅರ್ಜಿ ಹಾಕುವ ಮೊದಲೇ ಮನೆಯವರೊಡನೆ ಕುಳಿತು ಈ ಪತ್ರದ ವಿಷಯ ಮಾತನಾಡಿಬಿಡಿ ಎಂದು ಕೇಳಿಕೊಳ್ಳುತ್ತೇನೆ. ಬ್ಯಾಂಕಿನ ಖಾತೆ, ವಿಮೆ, ನಾಮನಿರ್ದೇಶನ ಇವುಗಳ ವಿವರವನ್ನೂ ಆ ವಾರವೇ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಎಲ್ಲ ದಾಖಲೆಗಳ ಮೂರು ಮೂರು ಪ್ರತಿ, ಒಂದೇ ಹಿನ್ನೆಲೆಯ ಭಾವಚಿತ್ರಗಳು ಹೆಚ್ಚಿಗೆ ಇರಲಿ. ದೆಹಲಿಯಲ್ಲಿ ಅವಕ್ಕಾಗಿ ಅಲೆಯಲು ಬಿಡುವು ಸಿಗುವುದಿಲ್ಲ.

ದೆಹಲಿಯಲ್ಲಿ ಕಾಯುವುದೇ ಮುಖ್ಯ ಕೆಲಸ. ಒಂದು ದಿನ ದೆಹಲಿ ಹಾರ್ಟ್ ಅಂಡ್ ಲಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ, ಎದೆಯ ಎಕ್ಸ್‌ರೇ, ಇಸಿಜಿ, ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ, ಓಡುಪಟ್ಟಿಯ ಮೇಲೆ ನಡೆಸಿ ಹೃದಯವನ್ನು ನೋಡುವ ಟಿಎಂಟಿ ಎಲ್ಲವೂ ನಡೆದವು. ಮರುದಿನ ಆ ವರದಿಗಳನ್ನು ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ (ಐಟಿಬಿಪಿ) ವೈದ್ಯರು ನೋಡಿ ನಿರ್ಧಾರ ತಿಳಿಸುತ್ತಾರೆ. ಟಿಎಂಟಿಗೆ ಹೋಗುವಾಗ ಹೆಂಗಸರು ಸಲ್ವಾರ್ ಅಥವಾ ಪ್ಯಾಂಟು ಮತ್ತು ಶೂ ತೊಟ್ಟಿರಲಿ. ಪಟ್ಟಿಯ ಏರು ಹೆಚ್ಚಾದಾಗ ಚಾಮುಂಡಿ ಬೆಟ್ಟದ ಸಣ್ಣ ಹೆಜ್ಜೆಗಳೇ ನೆನಪಿಗೆ ಬಂದು, ಅಲ್ಲಿ ನನಗೆ ಕಷ್ಟವಾಗಲಿಲ್ಲ. ತೊಡಕು ಬಂದದ್ದು ಮರುದಿನ. ರಾತ್ರಿಯಿಡೀ ನಿದ್ದೆ ಬಾರದೆ, ಸಾಲಿನಲ್ಲಿ ನಿಂತು ಬಳಲಿ ಹೋದ ನನ್ನ ರಕ್ತದೊತ್ತಡ 150 ದಾಟಿತ್ತು. ನೋಡಿದ ವೈದ್ಯರು ಗದರಿಸಲಿಲ್ಲ, ಹೊರಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ಬನ್ನಿ ಎಂದರು. ಆ ಅರ್ಧ ಗಂಟೆ ನಾನು ಮಾಡಿದ್ದೆಲ್ಲ ಉಸಿರನ್ನು ಎಣಿಸಿದ್ದು ಮಾತ್ರ. ಎರಡನೆಯ ಸಲ 132 ಬಂತು, ಪತ್ರದ ಮೇಲೆ ಮೊಹರು ಬಿತ್ತು. ನನ್ನ ಮುಂದಿದ್ದ ಇಬ್ಬರಿಗೆ ಆ ಮೊಹರು ಸಿಗಲಿಲ್ಲ. ಒಬ್ಬರಿಗೆ ಸಕ್ಕರೆ ಹತೋಟಿಯಲ್ಲಿರಲಿಲ್ಲ, ಇನ್ನೊಬ್ಬರಿಗೆ ತೂಕ ಹೆಚ್ಚಾಗಿತ್ತು. ಅವರಲ್ಲೊಬ್ಬರಾದ ನಲವತ್ತರ ಗಂಡಸು ಚೀಲದ ಮೇಲೆ ಕುಳಿತು ಅತ್ತದ್ದನ್ನು ನೋಡಿದ ಮೇಲೆಯೇ, ಇದನ್ನು ಬರೆಯಲೇಬೇಕೆಂದು ನಿಶ್ಚಯಿಸಿದೆ. ಊರಿನಲ್ಲಿಯೇ ಇವೇ ಪರೀಕ್ಷೆಗಳನ್ನು ಎರಡು ತಿಂಗಳು ಮೊದಲು ಮಾಡಿಸಿಕೊಂಡಿದ್ದರೆ ಅವರಿಗೆ ತಮ್ಮ ಸ್ಥಿತಿ ಗೊತ್ತಿರುತ್ತಿತ್ತು.

ದೆಹಲಿಯಿಂದ ಟನಕ್‌ಪುರ, ಅಲ್ಲಿಂದ ಧಾರ್ಚುಲಾ, ಮುಂದೆ ಗುಂಜಿ. ಹಿಂದೆ ಈ ದಾರಿಯ ಬಹುಭಾಗವನ್ನು ದಿನಗಟ್ಟಲೆ ನಡೆದೇ ಕ್ರಮಿಸುತ್ತಿದ್ದರು. 2020ರಲ್ಲಿ ಗಡಿ ರಸ್ತೆ ಸಂಸ್ಥೆಯ ರಸ್ತೆ ತೆರೆದುಕೊಂಡ ಮೇಲೆ ವಾಹನಗಳು ಗಡಿಯ ಸಮೀಪದವರೆಗೂ ಹೋಗುತ್ತವೆ. ಕೇಳಲು ಇದು ಅನುಕೂಲವೇ, ಆದರೆ ದೇಹದ ಮಟ್ಟಿಗೆ ಹಾಗಲ್ಲ. ಹಳೆಯ ಯಾತ್ರಿಗಳು ನಡೆಯುತ್ತ ನಡೆಯುತ್ತಲೇ ಎತ್ತರಕ್ಕೆ ಒಗ್ಗಿಕೊಳ್ಳುತ್ತಿದ್ದರು. ನಾವು ಕುಳಿತಲ್ಲಿಯೇ ಏರಿಬಿಡುತ್ತೇವೆ. ಧಾರ್ಚುಲಾ ಸಾವಿರ ಮೀಟರಿಗಿಂತ ಕೆಳಗಿದೆ, ಗುಂಜಿ ಮೂರು ಸಾವಿರ ಮೀಟರಿಗಿಂತ ಮೇಲೆ, ಮತ್ತು ನಡುವಿನ ದಾರಿ ಒಂದೇ ದಿನದ್ದು. ನಮಗೆ ದಾರಿಯಲ್ಲಿ ಗುಡ್ಡ ಕುಸಿದು ಐದಾರು ಗಂಟೆ ಜೀಪಿನಲ್ಲಿಯೇ ಕೂರಬೇಕಾಯಿತು. ಉತ್ತರಾಖಂಡದ ಈ ಕುಮಾವೂಂ ಸೀಮೆಯಲ್ಲಿ ಮಳೆಗಾಲದಲ್ಲಿ ಇದು ನಿತ್ಯದ ಸಂಗತಿ. ಕೈಚೀಲದಲ್ಲಿ ಹುರಿಗಡಲೆ, ಬೆಲ್ಲ, ನಿಪ್ಪಟ್ಟು, ನೀರು ಮತ್ತು ಒಂದು ಬೆಚ್ಚನೆಯ ಅಂಗಿ ಸದಾ ಇರಲಿ. ದೊಡ್ಡ ಚೀಲ ಬೇರೆ ಗಾಡಿಯಲ್ಲಿರುತ್ತದೆ.

ಗುಂಜಿಯಲ್ಲಿ ಎರಡು ರಾತ್ರಿ ಇರುವುದು ಎತ್ತರಕ್ಕೆ ಒಗ್ಗಿಕೊಳ್ಳುವುದಕ್ಕೆ. ಅಲ್ಲಿ ಮತ್ತೊಮ್ಮೆ ಐಟಿಬಿಪಿಯ ವೈದ್ಯಕೀಯ ತಪಾಸಣೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ತಲೆ ಸಣ್ಣಗೆ ನೋಯುತ್ತಿತ್ತು, ಮಲಗಿಬಿಡೋಣ ಅನ್ನಿಸಿತ್ತು. ನಮ್ಮ ತಂಡದಲ್ಲಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು, ಈ ಮೊದಲೊಮ್ಮೆ ಹೋಗಿ ಬಂದವರು, ಬಾಗಿಲಲ್ಲಿ ನಿಂತು ಕರೆದರು. "ತಂಗಿ, ಇಲ್ಲಿ ಸುಮ್ನ ಮಲಗಬ್ಯಾಡವಾ. ಒಂದ್ಸ್ವಲ್ಪ ಮ್ಯಾಲೆ ತನಕ ತಿರುಗಾಡಿ ಬರೂಣು, ಸಾವಕಾಶ." ಆ ಕಾಕಾ ಹೇಳಿದಂತೆ ಎದುರಿನ ಗುಡ್ಡವನ್ನು ಇನ್ನೂರು ಮೀಟರಿನಷ್ಟು ಹತ್ತಿ, ಅಲ್ಲಿ ಸ್ವಲ್ಪ ಹೊತ್ತು ಕುಳಿತು, ಕೆಳಗಿಳಿದು ಮಲಗಿದೆವು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗುವುದು ಪರ್ವತಾರೋಹಿಗಳು ಹಿಂದಿನಿಂದಲೂ ಪಾಲಿಸುವ ಕ್ರಮ. ಬೆಳಿಗ್ಗೆ ತಲೆನೋವು ಹೋಗಿತ್ತು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಇವುಗಳನ್ನು ಮುಚ್ಚಿಡದೆ ತಂಡದ ಸಂಪರ್ಕಾಧಿಕಾರಿಗೆ ಹೇಳಿಬಿಡಬೇಕು. ಹೇಳಿದರೆ ಕೆಳಗೆ ಕಳಿಸಿಬಿಡುತ್ತಾರೆಂಬ ಭಯದಿಂದ ಮುಚ್ಚಿಟ್ಟ ಒಬ್ಬರನ್ನು ಎರಡು ದಿನ ಕಳೆದು ಮುಂದಿನ ತಂಗುದಾಣ ನಾಭಿಡಾಂಗ್‌ನಿಂದ ಆಮ್ಲಜನಕ ಕೊಟ್ಟು ಇಳಿಸಬೇಕಾಯಿತು. ಎತ್ತರದ ಕಾಯಿಲೆಗೆಂದು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಪಕ್ಕದವರ ಮಾತು ಕೇಳಿ ನುಂಗಬೇಡಿ, ನಿಮ್ಮ ವೈದ್ಯರನ್ನು ಊರಿನಲ್ಲಿಯೇ ಕೇಳಿ ಬನ್ನಿ.

ಲಿಪುಲೇಖ್ ದಾಟಿದ್ದು ನಸುಕಿನಲ್ಲಿ. ಐದು ಸಾವಿರ ಮೀಟರಿಗೂ ಮಿಕ್ಕಿದ ಆ ಕಣಿವೆಯ ಕೊನೆಯ ಏರನ್ನು ನಡೆದೇ ಹತ್ತಬೇಕು, ಆಚೆ ಇಳಿದು ಚೀನಾದ ಬಸ್ಸನ್ನು ಸೇರಬೇಕು. ವೀಸಾ ಇಡೀ ತಂಡಕ್ಕೆ ಒಂದೇ ಆದ್ದರಿಂದ ಎಲ್ಲರೂ ಸೇರಿದ ಮೇಲೆಯೇ ಮುಂದಿನ ಹೆಜ್ಜೆ. ಹಿಂದುಳಿದ ಒಬ್ಬರಿಗಾಗಿ ನಲವತ್ತೆಂಟು ಜನ ಗಾಳಿಯಲ್ಲಿ ಕಾದೆವು. ಗಡಿಯಾಚೆಯ ಟಿಬೆಟಿನ ಊರು ತಕ್ಲಾಕೋಟ್‌ನಲ್ಲಿ ಚೀಲ ಬಿಚ್ಚಿಸಿ ನೋಡಿದರು, ಮೊಬೈಲ್ ಮತ್ತು ಪುಸ್ತಕಗಳನ್ನೂ ನೋಡಿದರು. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಡಬೇಕು. ಅಲ್ಲಿ ಬೆಳಿಗ್ಗೆ ಏಳಕ್ಕೂ ಕತ್ತಲೆ ಇರುತ್ತದೆ, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ನಿದ್ದೆಯ ಹೊತ್ತು ತಪ್ಪುವುದರಿಂದ ಮೊದಲೆರಡು ದಿನ ಮಂಕು ಕವಿದಂತಿತ್ತು.

ಪರಿಕ್ರಮದ ಮೊದಲ ದಿನ ಯಮದ್ವಾರದಿಂದ ದೇರಾಪುಕ್‌ವರೆಗೆ ನದಿಯ ಜೊತೆಯಲ್ಲಿಯೇ ಸಾಗುವ ದಾರಿ. ಏರು ಹೆಚ್ಚಿಲ್ಲ, ಎತ್ತರವೇ ಆಯಾಸ ಕೊಡುತ್ತದೆ. ಕುದುರೆ ಬೇಕೋ ಬೇಡವೋ ಎಂಬುದನ್ನು ಹೊರಡುವ ಮೊದಲೇ ತಿಳಿಸಿ ಹಣ ಕಟ್ಟಬೇಕು, ನಡುದಾರಿಯಲ್ಲಿ ಸಿಗುವುದಿಲ್ಲ. ನಾನು ಕುದುರೆ ಬೇಡವೆಂದು, ಚೀಲ ಹೊರಲು ಹಮಾಲಿಯೊಬ್ಬರನ್ನು ಮಾತ್ರ ಗೊತ್ತುಮಾಡಿಕೊಂಡೆ. ಇಪ್ಪತ್ತರ ಹರೆಯದ ಟಿಬೆಟಿನ ಹುಡುಗಿ ಅವಳು. ಭಾಷೆಯಿಲ್ಲದೆ ಕೈಸನ್ನೆಯಲ್ಲಿಯೇ ನನ್ನ ವೇಗವನ್ನು ತಿದ್ದುತ್ತಿದ್ದಳು.

ಎರಡನೆಯ ದಿನ ಕತ್ತಲಿರುವಾಗಲೇ ಹೊರಟೆವು. ಕೈಗವಸು ಬಿಚ್ಚಿ ಶೂವಿನ ದಾರ ಕಟ್ಟಿಕೊಳ್ಳಲು ಹೋದರೆ ಬೆರಳು ಮರಗಟ್ಟಿ ಗಂಟು ಕೂರಲಿಲ್ಲ, ಮೂರು ಸಲ ಕಟ್ಟಬೇಕಾಯಿತು. ಹೊರಗಿನ ಜೇಬಿನಲ್ಲಿದ್ದ ನೀರಿನ ಬಾಟಲಿಯ ಬಾಯಲ್ಲಿ ಮಂಜು ಕಟ್ಟಿತ್ತು. ಕೋಟಿನೊಳಗೆ ಎದೆಗೆ ಒತ್ತಿಟ್ಟುಕೊಂಡದ್ದು ಮಾತ್ರ ಕುಡಿಯಲು ಬಂತು. ಪರಿಕ್ರಮದ ಅತಿ ಎತ್ತರದ ಜಾಗವಾದ ಡೋಲ್ಮಾ ಲಾ 5,630 ಮೀಟರ್ ಎತ್ತರದಲ್ಲಿದೆ, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಕೊನೆಯ ಏರಿನಲ್ಲಿ ಇಪ್ಪತ್ತು ಹೆಜ್ಜೆ ಹಾಕುವುದು, ಕೋಲಿಗೆ ಒರಗಿ ಹತ್ತು ಸಲ ಆಳವಾಗಿ ಉಸಿರಾಡುವುದು, ಮತ್ತೆ ಇಪ್ಪತ್ತು ಹೆಜ್ಜೆ. ಫೆಬ್ರುವರಿಯಿಂದ ಕಾಲಿಗೆ ಕಲಿಸಿದ್ದೆಲ್ಲ ಅಲ್ಲಿ ತಾನಾಗಿ ಬಂತು. ಬುದ್ಧಿ ಮಂಕಾಗಿದ್ದಾಗಲೂ ಕಾಲು ತನ್ನ ಲಯವನ್ನು ಬಿಡಲಿಲ್ಲ. ಬಣ್ಣದ ಬಾವುಟಗಳು ತುಂಬಿದ ಆ ನೆತ್ತಿಯನ್ನು ಮುಟ್ಟಿದಾಗ ಕಣ್ಣೀರು ತಡೆಯಲಾಗಲಿಲ್ಲ. ಕಾಕಾ ಬಂಡೆಯೊಂದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದರು. ಅಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು, ಹವಾಮಾನ ಕ್ಷಣದಲ್ಲಿ ತಿರುಗುತ್ತದೆ. ಗೌರೀಕುಂಡದ ಕೊಳವನ್ನು ಮೇಲಿನಿಂದ ನೋಡುತ್ತ ಇಳಿದ ಕಡಿದಾದ ಕಲ್ಲುಹಾದಿಯೂ, ಅದರ ನಂತರ ಆ ರಾತ್ರಿಯ ತಂಗುದಾಣ ಜುಥುಲ್‌ಪುಕ್ ತನಕ ಮುಗಿಯದೆ ಚಾಚಿಕೊಂಡ ಬಯಲೂ ಏರಿಗಿಂತ ಹೆಚ್ಚು ದಣಿಸಿದವು. ನೆತ್ತಿ ದಾಟಿದರೆ ಮುಗಿಯಿತು ಎಂದುಕೊಂಡು ಶಕ್ತಿಯನ್ನೆಲ್ಲ ಅಲ್ಲಿಯೇ ಖಾಲಿ ಮಾಡಿಕೊಂಡವರು ಮಧ್ಯಾಹ್ನದ ನಂತರ ಬಹಳ ಬಳಲಿದರು. ಆ ಸಂಜೆ ಗಂಜಿಗೆ ಮನೆಯ ಚಟ್ನಿಪುಡಿ ಕಲಸಿಕೊಂಡು ತಿಂದೆ. ಬೇರೆ ಯಾವ ಊಟವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೂರನೆಯ ದಿನದ್ದು ಚಿಕ್ಕ ನಡಿಗೆ. ಮುಂದೆ ಮಾನಸ ಸರೋವರದ ದಡದಲ್ಲಿ ತಂಗಿದೆವು. ನಮ್ಮ ತಂಡಕ್ಕೆ ನೀರಿಗಿಳಿಯಲು ಅವಕಾಶವಿರಲಿಲ್ಲ, ಬಕೆಟ್ಟಿನಲ್ಲಿ ನೀರು ತಂದು ದೂರದಲ್ಲಿ ಸ್ನಾನ ಮಾಡಿದೆವು.

ಮರಳಿ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಮಾನಸ ಸರೋವರ ಯಾತ್ರೆ ಮುಗಿಸಿದ ಕರ್ನಾಟಕದವರಿಗೆ ಮುಜರಾಯಿ ಇಲಾಖೆಯಿಂದ 30,000 ರೂಪಾಯಿ ಸಹಾಯಧನವಿದೆ. ಯಾತ್ರೆ ಪೂರೈಸಿದ ಪ್ರಮಾಣಪತ್ರ, ಪಾಸ್‌ಪೋರ್ಟಿನ ಪ್ರತಿ, ರಾಜ್ಯದ ನಿವಾಸಿ ಎಂಬುದಕ್ಕೆ ದಾಖಲೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ವಿವರ ಇವನ್ನು ಒಟ್ಟಿಗೆ ಇಟ್ಟುಕೊಂಡು ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಹೊರಡುವ ಮುನ್ನವೇ ಆ ವರ್ಷದ ನಿಯಮ ಮತ್ತು ಕೊನೆಯ ದಿನಾಂಕವನ್ನು ನೋಡಿಕೊಳ್ಳಿ. ಶುಲ್ಕ ಕಟ್ಟಿದ ಪ್ರತಿಯೊಂದು ರಸೀದಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಾಪಾಡಿಕೊಂಡು ಬಂದದ್ದು ಈಗ ಉಪಯೋಗಕ್ಕೆ ಬಂತು. ನನ್ನ ಅರ್ಜಿ ಕಳೆದ ವಾರ ಸ್ವೀಕೃತವಾಗಿದೆ, ದಾಖಲೆಗಳ ಪರಿಶೀಲನೆ ನಡೆಯುತ್ತಿದೆ.